ತೂಕ ಇಳಿಸಲು ಇನ್ಸುಲಿನ್ ಕಡಿಮೆ ಮಾಡಿದ ತೈಸ್ತೊ

ಕುವೊಪಿಯೊ ಊರಿನ ಬಸ್ ಡ್ರೈವರ್ ತೈಸ್ತೊಗೆ ಒಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ, ಚುಚ್ಚಿಕೊಳ್ಳಲೇಬೇಕು. ನಲವತ್ತು ದಾಟಿದ ಮೇಲೆ ಹೊಟ್ಟೆ ಬಂತು. ಜೊತೆಗಾರರು, “ಸ್ಟೀರಿಂಗ್ ತಿರುಗಿಸೋದು ಕೈಯೋ ಹೊಟ್ಟೆಯೋ?” ಎಂದು ರೇಗಿಸತೊಡಗಿದರು.

ಫೆಬ್ರವರಿಯಲ್ಲಿ ಅವನು ಎಲ್ಲೋ ಓದಿದ: ಇನ್ಸುಲಿನ್ ಕೊಬ್ಬನ್ನು ಕೂಡಿಡುತ್ತದೆ.

“ನೋಡಿದ್ಯಾ? ತಪ್ಪು ನಂದಲ್ಲ, ಸೂಜೀದು!” ಎಂದು ಹೆಂಡತಿ ಐಲಿಗೆ ಹೇಳಿ ನಕ್ಕ. ಆದರೆ ಅಂದಿನಿಂದ ಡೋಸನ್ನು ಅರ್ಧಕ್ಕೆ ಇಳಿಸಿದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಎರಡು ವಾರದಲ್ಲಿ ಆರು ಕಿಲೋ ಇಳಿಯಿತು. ಐಲಿಗೆ ತಲೆಬುಡ ತಿಳಿಯಲಿಲ್ಲ.

“ರೊಟ್ಟಿ, ಬೆಣ್ಣೆ ಎಲ್ಲಾ ತಿಂತೀಯ. ಜಗ್‌ಗಟ್ಟಲೆ ನೀರು ಕುಡೀತೀಯ. ಹೆಂಗೋ ಇಳೀತಿದೀಯ?”

“ಅದೃಷ್ಟ ಕಣೇ.”

ಒಂದು ಶನಿವಾರ ಬೆಳಿಗ್ಗೆಯಿಂದ ಅವನಿಗೆ ವಾಂತಿ. ಏನೂ ತಿಂದಿಲ್ಲವೆಂದು ಅಂದಿನ ಇನ್ಸುಲಿನ್ ಪೂರ್ತಿ ಬಿಟ್ಟ. ಸಂಜೆ ಐಲಿ ಸೌನಾ, ಅಂದರೆ ಹಬೆಸ್ನಾನದ ಕೋಣೆ, ಕಾಯಿಸಿ ಕರೆದರೆ ಅವನಿಗೆ ಏಳಲಾಗಲಿಲ್ಲ. ಏದುಸಿರು. ಬಾಯಿಂದ ಕೊಳೆತ ಸೇಬಿನಂಥ ವಾಸನೆ. ಐಲಿ ಪಕ್ಕದ ಮನೆಗೆ ಓಡಿದಳು. ಅಲ್ಲಿದ್ದದ್ದು ಸಕ್ಕರೆ ಕಾಯಿಲೆ ವಾರ್ಡಿನ ನಿವೃತ್ತ ನರ್ಸ್ ಕೈಸು. ಅವಳು ಸೌನಾದಿಂದ ಎದ್ದು ಒದ್ದೆ ತಲೆಯಲ್ಲೇ ಬಂದಳು.

“ಇನ್ಸುಲಿನ್ ಹಾಕ್ಕೊಂಡ್ಯಾ? ನಿಜ ಹೇಳೋ ತೈಸ್ತೊ.”

ತೂಕ ಇಳಿಸಲು ಡೋಸ್ ಅರ್ಧ ಮಾಡಿದ್ದು, ಇವತ್ತು ಪೂರ್ತಿ ಬಿಟ್ಟಿದ್ದು, ಅವನು ಎಲ್ಲ ಒಪ್ಪಿಕೊಂಡ. ಕೈಸು ಅವನ ಬೆರಳು ಚುಚ್ಚಿ ಮೀಟರಿನಲ್ಲಿ ರಕ್ತದ ಕೀಟೋನ್ ನೋಡಿದಳು: ಮೂರು ದಾಟಿದರೇ ಅಪಾಯ, ಅದು ಐದು ದಾಟಿತ್ತು. ತಕ್ಷಣ ಆಂಬ್ಯುಲೆನ್ಸ್ ಕರೆದಳು.

“ಕೊಬ್ಬು ಕರಗಿದ್ರೆ ಒಳ್ಳೇದಲ್ವಾ ಕೈಸು?” ಐಲಿ ಕೇಳಿದಳು. “ಜನ ಅದಕ್ಕೇ ಅಲ್ವಾ ಓಡಾಡಿ ಬೆವರು ಸುರಿಸೋದು?”

“ಹತೋಟೀಲಿ ಕರಗಿದ್ರೆ ಒಳ್ಳೇದು. ಉಂಡಾಗ ಕೊಬ್ಬಿನ ಕೋಶಕ್ಕೆ ‘ಕೂಡಿಡು’ ಅನ್ನೋದು ಇನ್ಸುಲಿನ್ನೇ. ಉಪವಾಸ ಇದ್ದಾಗ ‘ನಿಧಾನ, ಸ್ವಲ್ಪ ಸ್ವಲ್ಪ ಬಿಡು’ ಅಂತ ತಡೆಯೋದೂ ಅದೇ. ಅದು ಇಲ್ಲದಿದ್ರೆ ಕೊಬ್ಬು ಒಂದೇ ಸಮ ಒಡೆದು ರಕ್ತಕ್ಕೆ ಸುರಿಯುತ್ತೆ. ಲಿವರ್ ಅದನ್ನ ಕೀಟೋನ್ ಮಾಡುತ್ತೆ, ರಕ್ತ ಹುಳಿಯಾಗುತ್ತೆ. ಜೀವಾನೇ ಹೋಗ್ಬಹುದು.”

“ಇವತ್ತು ಒಂದು ತುತ್ತೂ ತಿಂದಿಲ್ವಲ್ಲ!”

“ಅದಕ್ಕೇ ಅಪಾಯ ಕಣೇ. ತಿನ್ನದ ದಿನಾನೂ ಇನ್ಸುಲಿನ್ ಬೇಕು.”

“ನಂಗೆ ಅರ್ಧ ತಿಳೀತು, ಅರ್ಧ ತಿಳೀಲಿಲ್ಲ.”

“ಪೂರ್ತಿ ಆಮೇಲೆ ತಿಳ್ಕೋ. ಈಗ ಅವನ ಬೂಟು ಹುಡುಕು.”

ಆಸ್ಪತ್ರೆಯಲ್ಲಿ ಡ್ರಿಪ್, ಇನ್ಸುಲಿನ್ ಎರಡೂ ಹಾಕಿದರು. ಮೂರನೇ ದಿನ ತೈಸ್ತೊ ಎದ್ದು ಕುಳಿತ. ಇಳಿದ ತೂಕದಲ್ಲಿ ನೀರೂ ಮಾಂಸಖಂಡವೂ ಬಹಳಷ್ಟಿತ್ತು ಎಂದು ಡಾಕ್ಟರು ಹೇಳಿದಾಗ ಮಂಕಾಗಿ ಕೇಳಿದ: “ಹಂಗಾದ್ರೆ ಈ ಹೊಟ್ಟೆ ಇಳಿಸೋದು ಹೆಂಗೆ?”

“ನಮ್ಮನ್ನ ಕೇಳಿ. ಊಟ, ನಡಿಗೆ ಬದಲಾದಂಗೆ ಡೋಸ್ ನಾವೇ ಹೊಂದಿಸ್ತೀವಿ. ನೀವೇ ಕತ್ತರಿ ಹಾಕ್ಬೇಡಿ.”

ತೈಸ್ತೊ ಐಲಿಯ ಕೈ ಹಿಡಿದ. “ನಿಂಗೆ ಹೇಳದೆ ಒಂದು ಯೂನಿಟ್ಟೂ ಕಮ್ಮಿ ಮಾಡಲ್ಲ.” ಅವಳು ಮೊದಲು ಬೈದಳು, ಆಮೇಲೆ ಅತ್ತಳು.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಇನ್ಸುಲಿನ್ ಹಾಕಿಕೊಳ್ಳುವವರಿದ್ದಾರೆಯೇ? ತೂಕ ಇಳಿಸಲೆಂದು ಅದನ್ನು ಬಿಡಲು ಬಿಡಬೇಡಿ. ವಾಂತಿ, ಏದುಸಿರು, ಬಾಯಲ್ಲಿ ಹಣ್ಣಿನ ವಾಸನೆ ಕಂಡರೆ ಕೀಟೋನ್ ನೋಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಎಲ್ಲವೂ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಕೇಳಲು ನಾಚಬೇಡಿ. ಡೋಸ್ ಬದಲಿಸುವ ಮುನ್ನ ಡಾಕ್ಟರಿಗೆ ಒಂದು ಫೋನ್ ಮಾಡಿ.