ಮುಲಾಮು ಒಣಗುವವರೆಗೆ

"ಅಯ್ಯೋ, ಕಣ್ಣು ಕಣ್ಣು! ಏನಯ್ಯಾ ಬಳಿದೆ, ಮೆಣಸಿನಕಾಯಿನಾ?"

ಅರ್ಧ ಮುಖದಲ್ಲಿ ನೊರೆ ಹೊತ್ತ ಪೋಸ್ಟ್‌ಮ್ಯಾನ್ ಕುರ್ಚಿಯಿಂದ ಎಗರಿ ನಲ್ಲಿಗೆ ಓಡಿದ. ಕ್ಷೌರಿಕ ತನ್ನ ಬೆರಳುಗಳನ್ನೇ ದುರುಗುಟ್ಟಿ ನೋಡಿದ. ಆಗತಾನೇ ನೋಯುವ ಕೀಲುಗಳಿಗೆ ತಿಕ್ಕಿಕೊಂಡಿದ್ದ ಮುಲಾಮು ನೊರೆಯಲ್ಲಿ ಬೆರೆತುಹೋಗಿತ್ತು.

ಮೊದಲು ಈ ರಗಳೆ ಇರಲಿಲ್ಲ. ಖಾಲಿ ಹೊಟ್ಟೆಗೆ ಒಂದು ನೋವಿನ ಮಾತ್ರೆ, ಗಿರಾಕಿ ಜಾಸ್ತಿಯಾದರೆ ಇನ್ನೊಂದು, ಕತ್ತರಿ ಹಾಡುತ್ತಿತ್ತು. ಹೊಟ್ಟೆ ಉರಿದರೆ ನೀರು ಕುಡಿದು ಮುಂದಿನ ಗಿರಾಕಿಯನ್ನು ಕೂರಿಸುತ್ತಿದ್ದ. ಮಲ ಡಾಂಬರಿನಂತೆ ಕಪ್ಪಾದಾಗ ಹೆಂಡತಿಯೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಒಳಗೆ ಹುಣ್ಣು, ರಕ್ತ. ಡಾಕ್ಟರಮ್ಮ ಆ ಮಾತ್ರೆ ಬಿಡಿಸಿ, ಊಟಕ್ಕೆ ಮುಂಚೆ ನುಂಗಲು ಹುಣ್ಣಿನ ಮಾತ್ರೆ, ಬೆರಳಿಗೆ ಈ ಮುಲಾಮು ಕೊಟ್ಟರು. ಹಚ್ಚಿದ ಮೇಲೆ ಒಣಗುವವರೆಗೆ ಕೈ ಸುಮ್ಮನಿರಬೇಕಂತೆ. ಸುಮ್ಮನಿರುವ ಕೈಗೆ ಅನ್ನ ಯಾರು ಹಾಕುತ್ತಾರೆ? ಬೆರಳು ಉಳಿಸಿಕೊಂಡರೆ ಹೊಟ್ಟೆ ಕೈಕೊಡುತ್ತದೆ, ಹೊಟ್ಟೆ ಉಳಿಸಿಕೊಂಡರೆ ಬೆರಳು.

"ಹಳೇ ಮಾತ್ರೆನೇ ತಗೋತೀನಿ," ಎಂದ, ಊಟದ ಡಬ್ಬಿ ತಂದ ಹೆಂಡತಿಗೆ.

"ತಗೊಳ್ಳಿ. ಆಮೇಲೆ ಆಸ್ಪತ್ರೆಗೆ ನೀವೇ ನಡ್ಕೊಂಡು ಹೋಗಿ."

ಪೋಸ್ಟ್‌ಮ್ಯಾನ್ ಕೆಂಪು ಕಣ್ಣು ಒರೆಸುತ್ತ ಬಂದ. "ಮಧ್ಯಾಹ್ನ ಅಂಗಡಿ ಮುಚ್ಚಿ ಹಚ್ಕೊಳಯ್ಯಾ. ಅಷ್ಟರಲ್ಲಿ ನಮಗೇನು ಜಡೆ ಬೆಳೆಯುತ್ತಾ?"

"ಎದುರುಗಡೆ ಸಲೂನಿನವನ ಹತ್ರ ಹೋಗ್ತೀರಲ್ಲ, ಅಣ್ಣ."

"ಹೋಗಿದ್ದೆ. ಮೀಸೆ ಓರೆ ಮಾಡಿ ಕಳಿಸಿದ. ನನ್ನ ಹೆಂಡ್ತಿ ತಿಂಗಳೆಲ್ಲಾ ನಕ್ಕಳು. ಮೊದಲು ಕೈ ತೊಳ್ಕೊಂಡು ಈ ಇನ್ನರ್ಧ ಮುಖ ಮುಗಿಸು!"

ಮರುದಿನ ಮಧ್ಯಾಹ್ನ ಅಂಗಡಿಯ ಶಟರ್ ಬಾಗಿಲು ಅರ್ಧ ಇಳಿಯಿತು. ಹುಣ್ಣಿನ ಮಾತ್ರೆ ನುಂಗಿ, ಸ್ವಲ್ಪ ಹೊತ್ತು ಬಿಟ್ಟು ಉಂಡು, ಕ್ಷೌರಿಕ ತನ್ನದೇ ತಿರುಗುವ ಕುರ್ಚಿಯಲ್ಲಿ ಕುಳಿತ. ಆ ಕುರ್ಚಿ ಇಷ್ಟು ಮೆತ್ತಗಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಹೆಂಡತಿ ಒಂದೊಂದೇ ಗೆಣ್ಣಿಗೆ ಮುಲಾಮು ಸವರಿದಳು. ಎರಡೂ ಕೈ ಎತ್ತಿಕೊಂಡು ಸಿಕ್ಕಿಬಿದ್ದ ಕಳ್ಳನಂತೆ ಕೂತ.

"ಊರಿಗೆಲ್ಲಾ ತಲೆ ಬಾಚ್ತೀರಿ. ನಿಮ್ಮದು ನೋಡಿ, ಕಾಗೆ ಗೂಡು." ಅವಳು ಕೈ ಒರೆಸಿಕೊಂಡು ಬಾಚಣಿಗೆ ತೆಗೆದುಕೊಂಡಳು. "ಅಲ್ಲಾಡ್ಬೇಡಿ."

ಯಾರೋ ಬಾಗಿಲ ಕೆಳಗಿನಿಂದ ಬಗ್ಗಿ ನೋಡಿದರು. ಹೊರಗಿನ ಬೆಂಚಿನಿಂದ ಪೋಸ್ಟ್‌ಮ್ಯಾನಿನ ದನಿ ಕೇಳಿತು: "ಕೂತ್ಕೊಳ್ರೀ. ಒಳಗೆ ಗಿರಾಕಿ ಇದಾರೆ."

ಕನ್ನಡಿಯಲ್ಲಿ ಅವಳು ಬೈತಲೆ ತೆಗೆಯುತ್ತಿದ್ದಳು, ನಾಲಿಗೆ ಕಚ್ಚಿಕೊಂಡು, ಓರೆಯಾಗಿ. ಕ್ಷೌರಿಕ ನೋಡಿದ. ಸರಿಮಾಡಲು ಹೋಗಲಿಲ್ಲ, ಕಣ್ಣು ಮುಚ್ಚಿದ.