ಹೆಣ್ಣು ನೋಡುವ ಭಾನುವಾರ

ಚೆಂಬೂರಿನ ಆ ಆಸ್ಪತ್ರೆಯಲ್ಲಿ ಬಷೀರಾಳಿಗೆ ತನ್ನದು ಅಂತ ಒಂದು ವಾರ್ಡು ಇರಲಿಲ್ಲ. ಶನಿವಾರ, ಭಾನುವಾರ ಮಾತ್ರ ಅವಳ ಪಾಳಿ. ಎಲ್ಲಿ ಕೈ ಕಡಿಮೆಯೋ ಅಲ್ಲಿಗೆ ಮೇಟ್ರನ್ ಅಟ್ಟುತ್ತಿದ್ದಳು. ಇಂಥವರಿಗೆ ಫ್ಲೋಟಿಂಗ್ ನರ್ಸ್ ಎಂಬ ಚೆಂದದ ಹೆಸರಿತ್ತು. ಕೂರಲು ಕುರ್ಚಿ ಮಾತ್ರ ಯಾವ ವಾರ್ಡಿನಲ್ಲೂ ಇರಲಿಲ್ಲ. ಹೆಚ್ಚಾಗಿ ಅವಳು ಹೋಗಿ ಬೀಳುತ್ತಿದ್ದುದು ಐಸಿಯುಗೆ. ೧೯೭೪ರಲ್ಲಿ ಅದಿನ್ನೂ ಹೊಸದು. ಎದೆಬಡಿತ ತೋರಿಸುವ ಯಂತ್ರ ಕಂಡರೆ ಹಳೆಯ ಸಿಸ್ಟರುಗಳಿಗೇ ಎದೆ ಡವಗುಟ್ಟುತ್ತಿತ್ತು. ಬಷೀರಾಳಿಗೋ ಆ ಕೆಲಸವೆಂದರೆ ಪ್ರಾಣ.

ಆ ಭಾನುವಾರ ಮಾತ್ರ ಮನಸ್ಸು ಅಲ್ಲಿರಲಿಲ್ಲ. ಆಂಟಾಪ್ ಹಿಲ್‌ನ ಅವಳ ಮನೆಗೆ ಘಾಟ್ಕೋಪರ್‌ನಿಂದ ಹೆಣ್ಣು ನೋಡಲು ಬರುವವರಿದ್ದರು. ಫೋಟೊದಲ್ಲಿ ಹುಡುಗ ಶರೀಫ ಹಿಡಿಸಿದ್ದ. ಹಿಡಿಸದೇ ಇದ್ದದ್ದು ಅವನಪ್ಪ ಹಾಕಿದ ಕರಾರು: ನಿಕಾ ಆದಮೇಲೆ ಹುಡುಗಿ ನೌಕರಿ ಬಿಡಬೇಕು. ಒಪ್ಪಿದರೆ ಕೆಲಸ ಹೋಯಿತು, ಒಪ್ಪದಿದ್ದರೆ ಶರೀಫ ಹೋದ. ಸಾಲದ್ದಕ್ಕೆ ಮಧ್ಯಾಹ್ನ ಬರಬೇಕಿದ್ದ ಸಿಸ್ಟರ್ ಪತ್ತೆಯೇ ಇಲ್ಲ. ಬದಲಿಯವರು ಬಾರದೆ ಐಸಿಯು ಬಿಟ್ಟು ಹೋಗುವ ಹಾಗಿಲ್ಲ.

ಇದ್ದ ರೋಗಿಯೋ ಮಹಾ ತಂಟೆಯವನು. ಬೆಳಿಗ್ಗೆ ಎದೆನೋವೆಂದು ಬಂದು ಸೇರಿದ್ದ ಗೌಂಡಿ ಮೇಸ್ತ್ರಿ. ಔಷಧಿಯ ಮಂಪರು ಇಳಿದದ್ದೇ ತಡ, ವಯರು ಕಿತ್ತುಕೊಂಡು ಏಳತೊಡಗಿದ.

"ಬಿಡವ್ವಾ ಸಿಸ್ಟರ್! ಆಂಟಾಪ್ ಹಿಲ್‌ಗೆ ಹೆಣ್ಣ ನೋಡಾಕ ಹೋಗಬೇಕು. ಮಾತು ಕೊಟ್ಟೀನಿ!"

ಬಷೀರಾ ಗಕ್ಕನೆ ನಿಂತಳು. ಮಂಚಕ್ಕೆ ತೂಗಿದ ಚೀಟಿ ನೋಡಿದರೆ, ಇಮಾಮಸಾಬ, ಘಾಟ್ಕೋಪರ್. ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡಳು.

"ಹುಡುಗಿ ಎಲ್ಲಿಗೂ ಓಡಿ ಹೋಗಂಗಿಲ್ಲ ಚಾಚಾ. ಮಲ್ಕೋರಿ."

"ನನ್ನ ಹೆಂಡತೀನ್ನ ಕಳಿಸೀನಿ, ಆಕಿ ಒಬ್ಬಾಕಿ ಹೋಗಿ ಎಲ್ಲಾ ಕೆಡಿಸ್ತಾಳ. ಹುಡುಗಿ ನರ್ಸ್ ಅಂತ. ನೌಕರಿ ಬಿಡಬೇಕಂತ ಖಡಕ್ ಹೇಳೀನಿ. ಗಂಡಸರ ಕೈ ಹಿಡದು ನಾಡಿ ನೋಡೋ ಕೆಲಸ, ನಮ್ಮ ಮನೆತನಕ್ಕ ಒಪ್ಪೂದಿಲ್ಲ."

ಹೀಗೆನ್ನುವಾಗ ಅವನ ನಾಡಿ ಬಷೀರಾಳ ಬೆರಳಡಿಯಲ್ಲೇ ಇತ್ತು. ಸಿಟ್ಟಿಗೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು.

ಅಷ್ಟರಲ್ಲಿ ಅವನು ಹೊರಳಾಡಿದ ರಭಸಕ್ಕೆ ಒಂದು ವಯರು ಕಳಚಿ ಯಂತ್ರ ಕುಯ್ಯೋ ಎಂದು ಅರಚಿತು. ಇಮಾಮಸಾಬ ತಾನು ಸತ್ತೇ ಹೋದೆ ಎಂದುಕೊಂಡು ಗಟ್ಟಿಯಾಗಿ ಕಲ್ಮಾ ಓದತೊಡಗಿದ. ಬಷೀರಾ ವಯರು ಸಿಕ್ಕಿಸಿ, ನೀವು ಇನ್ನೂ ಬದುಕಿದ್ದೀರಿ ಎಂದು ಮೂರು ಸಲ ಹೇಳಬೇಕಾಯಿತು. ಆಮೇಲೆ ಅವಳು ಎರಡು ಹೆಜ್ಜೆ ಸರಿದರೂ ಅವನು "ಬೇಟೀ!" ಎಂದು ಕೂಗುತ್ತಿದ್ದ.

ಸಂಜೆ ನೋಡಲು ಬಿಡುವ ಹೊತ್ತಿಗೆ ಅವನ ಹೆಂಡತಿ ಹಜರತಬಿ ಬುಸುಗುಡುತ್ತ ಬಂದಳು.

"ಹುಡುಗೀನ ಮನಿಯಾಗ ಇಲ್ಲ! ಡ್ಯೂಟಿ ಅಂತ! ಬಂದ ಬೀಗರನ್ನ ಬಿಟ್ಟು ಡ್ಯೂಟಿ!"

"ಥೂ! ಆಕಿ ಬ್ಯಾಡ ನಮಗ," ಎಂದು ಇಮಾಮಸಾಬ ಬಷೀರಾಳ ಕೈ ಬಿಗಿಯಾಗಿ ಹಿಡಿದುಕೊಂಡ. "ಈ ಬೇಟಿನ್ನ ನೋಡು. ಮುಂಜಾನಿಂದ ನೀರು ಸುದ್ದಾ ಕುಡೀದ ನನ್ನ ಜೀವ ಕಾದಾಳ. ಇಂಥಾಕಿ ಸಿಗಬೇಕು!"

ಆಗಲೇ ಬದಲಿ ಸಿಸ್ಟರ್ ಏದುಸಿರು ಬಿಡುತ್ತ ಒಳಬಂದಳು, ಲೋಕಲ್ ರೈಲು ಕೈಕೊಟ್ಟಿತ್ತಂತೆ. ಅವಳ ಹಿಂದೆಯೇ ಮೇಟ್ರನ್ನಿನ ಗಂಟಲು: "ಬಷೀರಾ! ಬಚ್ಚೋಂ ಕೇ ವಾರ್ಡ್ ಮೇಂ ಜಾಓ, ಜಲ್ದೀ!"

"ಬಷೀರಾ?" ಹಜರತಬಿ ಹುಬ್ಬೇರಿಸಿದಳು. "ಯಾವ ಬಷೀರಾ? ಆಂಟಾಪ್ ಹಿಲ್?"

ಬಷೀರಾ ಮೊದಲು ಯಂತ್ರ ನೋಡಿದಳು. ರೋಗಿಯ ಎದೆ ಸರಿಯಾಗಿ ಬಡಿಯುತ್ತಿತ್ತು. ಆಮೇಲೆ ಮಾಸ್ಕ್ ಇಳಿಸಿದಳು.

"ಹೌದ್ರಿ, ನಾನ. ಚಾಚಾ, ನೌಕರಿ ಈಗ ಬಿಡ್ಲೋ, ನಿಕಾ ಆದ ಮ್ಯಾಲೆ ಬಿಡ್ಲೋ? ಈಗ ಅಂದ್ರ ಈ ಸಿಸ್ಟರನ್ನೂ ಮನೀಗೆ ಕಳಿಸ್ರಿ, ಅವರಿಗೂ ಮನೆತನ ಐತಿ. ವಯರು ನೀವ ಹಚ್ಕೋರಿ."

ಇಮಾಮಸಾಬ ಯಂತ್ರದ ಕಡೆ ನೋಡಿದ, ಎದೆಯ ಮೇಲಿನ ವಯರು ನೋಡಿದ. ಸೈಟಿನಲ್ಲಿ ನೂರು ಜನರನ್ನು ನಡುಗಿಸುವ ದನಿ ಎಲ್ಲಿ ಹೋಯಿತೋ.

"ಬಿಡಬ್ಯಾಡ ಬೇಟಿ. ಈಗೂ ಬ್ಯಾಡ, ಆಮ್ಯಾಲೂ ಬ್ಯಾಡ. ನನ್ನ ಕರಾರು ನಾ ಹಿಂದ ತಗೊಂಡೆ."

ಬಷೀರಾಳಿಗೆ ಖುಷಿಗೆ ಅಳುವೇ ಬಂತು. ಅಳಲು ಪುರಸೊತ್ತಿರಲಿಲ್ಲ; ಕೈ ಬಿಡಿಸಿಕೊಂಡು ಮಕ್ಕಳ ವಾರ್ಡಿಗೆ ಹೊರಟಳು.

ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದು ವಾಡಿಕೆ. ಹಜರತಬಿ ಬಾಗಿಲಿಗೆ ಬಂದು, ಆ ಉದ್ದನೆಯ ಪಡಸಾಲೆಯಲ್ಲಿ ಅವಳು ದಡದಡ ಹೋಗಿ ಮರೆಯಾಗುವ ತನಕ ನೋಡುತ್ತ ನಿಂತಳು.

"ನಡಿಗಿಯೊಳಗ ಏನೂ ಐಬಿಲ್ಲ," ಎಂದಳು ಗಂಡನಿಗೆ. "ನಿಲ್ಲೂದೊಂದು ಗೊತ್ತಿಲ್ಲ ಹುಡುಗಿಗೆ."