ಮೇಲಿನ ಹಾಳೆ

ನಾನು ಒಂದು ನೆಲ. ಕಲ್ಲಿನದಲ್ಲ, ಪ್ಲೈವುಡ್ಡಿನದು. ಕಾರ್ಖಾನೆಯಲ್ಲಿ ದಿಮ್ಮಿಯನ್ನು ಹಾಳೆಹಾಳೆಯಾಗಿ ಸುಲಿದು, ಅಂಟು ಬಳಿದು, ಕಾಯಿಸಿ ಒತ್ತಿ ನನ್ನನ್ನು ಮಾಡಿದರು. ಮೇಲಿನ ಹಾಳೆ ಚೆಂದದ್ದು, ಆದರೆ ಬಲು ತೆಳುವು. ಅದರಡಿ ಬರೀ ಕರಿ ಅಂಟು.

ಗದಗಿನ ಒಂದು ಅಂಗಡಿಯ ಮಹಡಿಯಲ್ಲಿ, ಮರದ ಪಟ್ಟಿಗಳ ಮೇಲೆ ನನ್ನನ್ನು ಹಾಸಿದರು. ಹನ್ನೊಂದು ವರ್ಷ ಅಲ್ಲಿ ಹೊಲಿಗೆ ತರಗತಿ ನಡೆಯಿತು. ಮೈಮೇಲೆ ರಬ್ಬರ್ ಹಾಸು ಅಂಟಿಸಿದ್ದರಿಂದ ನಾನು ಯಾರ ಮುಖವನ್ನೂ ಕಾಣಲಿಲ್ಲ.

ಆಮೇಲೆ ವಾರಿಜಾ ಬಾಡಿಗೆಗೆ ಬಂದಳು. ನೃತ್ಯದ ಟೀಚರು. ಹತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಿವಿ ಹೋಗಿತ್ತು. ತಾಳ ಅವಳಿಗೆ ಅಂಗಾಲಿನಿಂದ ತಿಳಿಯಬೇಕು. ಟೊಳ್ಳು ನೆಲವಾದ ನಾನು ಅದನ್ನು ಮುಟ್ಟಿಸುತ್ತಿದ್ದೆ. ಮಕ್ಕಳ ಹೆಜ್ಜೆ ತಪ್ಪಿದ್ದನ್ನು ಅವಳು ಕಣ್ಣಿನಿಂದಲೇ ಹಿಡಿಯಬೇಕು. ಅದಕ್ಕೇ ಪಾಲಿಶ್ ಮಾಡಲು ಬಂದ ಹುಸೇನ್‌ಸಾಬರಿಗೆ, "ಬಣ್ಣ ಬ್ಯಾಡ ಕಾಕಾ. ನೆಲ ತಿಳಿ ಇದ್ರ ಪಾದ ಚೆಂದ ಕಾಣ್ತಾವ" ಎಂದಳು.

ಆ ಮುದುಕರು ರಬ್ಬರ್ ಹಾಸು ಕಿತ್ತರು. ಮೊಳೆಗಳ ತಲೆಯನ್ನು ಒಳಕ್ಕೆ ಬಡಿದು, ತೂತಿಗೆ ಪುಟ್ಟಿ ತುಂಬಿದರು. "ಮಷೀನ್ ಹಚ್ಚಿದ್ರ ಮ್ಯಾಲಿನ ಹಾಳಿ ಹಾರಿಹೋಗ್ತದ" ಎಂದು ಮೊಣಕಾಲೂರಿ ಕೈಯಿಂದಲೇ ಉಜ್ಜಿದರು. ಮೊದಲು ಒರಟು ಮರಳು ಕಾಗದ, ಆಮೇಲೆ ನಯವಾದದ್ದು. ಅಷ್ಟು ಹಗುರವಾದ ಕೈ ನನ್ನ ಮೈಮೇಲೆ ಎಂದೂ ಆಡಿರಲಿಲ್ಲ.

ಕಿಟಕಿಯ ಬಳಿ ಒಂದು ಕಲೆ ಹೋಗಲೊಲ್ಲದು. ಉಜ್ಜಿದರು, ಮತ್ತೆ ಉಜ್ಜಿದರು. ಬೆರಳಿಗೆ ಗಡುಸಾದದ್ದೇನೋ ತಾಗಿದಾಗ ಅವರ ಕೈ ನಿಂತಿತು. ಕಲೆ ಎಂದೋ ಹೋಗಿತ್ತು. ಅವರು ಉಜ್ಜುತ್ತಿದ್ದದ್ದು ಹಾಳೆ ಹರಿದು ಹೊರಬಿದ್ದ ಕರಿ ಅಂಟನ್ನು.

ಚೀಲದಲ್ಲಿ ಕಡುಗಂದು ಬಣ್ಣದ ಡಬ್ಬಿಯಿತ್ತು. ನೆಲಕ್ಕೆಲ್ಲ ಬಳಿದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಮುಚ್ಚಳ ತೆಗೆದರು. ಕುಂಚ ಅದ್ದಹೋದವರು ಅದನ್ನು ಕೆಳಗಿಟ್ಟು, ಮತ್ತೆ ಮುಚ್ಚಿದರು.

ವಾರಿಜಾ ಬಂದಾಗ, ತುಟಿ ಕಾಣುವಂತೆ ಮುಖ ಎತ್ತಿ ಹೇಳಿದರು: "ತಪ್ಪು ನಂದರಿ ಅಕ್ಕೋರ. ಎರಡು ವರ್ಷಾತು, ಕಣ್ಣು ಸರಿ ಕಾಣವಲ್ದು. ಗೊತ್ತಾದ್ರ ಕೆಲಸಕ್ಕ ಯಾರು ಕರೀತಾರ?"

ಅವಳು ಕುಕ್ಕರಗಾಲಲ್ಲಿ ಕೂತು ಆ ಕರಿ ಜಾಗವನ್ನು ಸವರಿದಳು. ಮುಖದಲ್ಲಿ ಬೇಸರವಿತ್ತು, ಮರೆಮಾಡಲಿಲ್ಲ.

"ಕಿವಿ ಕೇಳಂಗಿಲ್ಲಂತ ಗೊತ್ತಿದ್ದೂ ನನ್ನ ಹತ್ರ ಮಂದಿ ಮಕ್ಕಳನ್ನ ಕಳಸ್ತಾರ, ಕಾಕಾ" ಎಂದಳು. "ಉಳಿದದ್ದು ಮುಗಸ್ರಿ. ನಾ ನೋಡ್ತೀನಿ, ನೀವು ಉಜ್ರಿ."

ಅವಳು ನನ್ನ ಮೈಮೇಲೆಲ್ಲ ಪೆನ್ಸಿಲ್ ಗೆರೆ ಎಳೆದಳು. ಉಜ್ಜಿ ಗೆರೆ ಅಳಿದೊಡನೆ, ಇಷ್ಟು ಸಾಕೆಂದು ಮುದುಕರ ಹೆಗಲು ತಟ್ಟುವಳು. ಅವರು ಮುಂದೆ ಸರಿಯುವರು. ಹೀಗೆ ಮೂರು ದಿನ. ಧೂಳು ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಕೈ ವಾರ್ನಿಷ್ ಬಳಿದಾಗ, ಕಿಟಕಿಯ ಬಳಿಯ ಆ ಕರಿ ಜಾಗವೊಂದನ್ನು ಬಿಟ್ಟು, ನಾನು ಹಸಿ ಜೇನಿನ ಹಾಗೆ ಹೊಳೆದೆ. ಅದು ಹುಸೇನ್‌ಸಾಬರ ಕೊನೆಯ ಕೆಲಸ. ಕೆಲಸ ಬಿಟ್ಟೆನೆಂದು ಅವರೇ ಊರಿಗೆಲ್ಲ ಹೇಳಿದರಂತೆ, ಕಾರಣದ ಸಮೇತ.

ಹದಿನಾರು ವರ್ಷ ನನ್ನ ಮೇಲೆ ಕುಣಿದರು. ವಾರ್ನಿಷ್ ಸವೆಯಿತು, ಅಂಚು ಬಿರಿಯಿತು. ಮೊನ್ನೆ ಹೊಸ ಮೇಸ್ತ್ರಿಯೊಬ್ಬ ಬಂದು ನನ್ನನ್ನು ಸವರಿ ತಲೆಯಾಡಿಸಿದ: "ಇನ್ನೊಮ್ಮೆ ಉಜ್ಜಿದ್ರ ಹಾಳಿ ಉಳಿಯಂಗಿಲ್ರಿ. ಕಿತ್ತು ಹೊಸಾದು ಹಾಕ್ಸಿಬಿಡ್ರಿ."

ನಾನು ಸಿದ್ಧನಾಗಿದ್ದೆ. ಸವೆಯುವುದಕ್ಕೂ ಒಂದು ಮಿತಿಯಿದೆಯೆಂದು ಮೇಲಿನ ಹಾಳೆ ತೆಳುವಾಗುತ್ತ ಬಂದಂತೆ ತಿಳಿದುಕೊಂಡಿದ್ದೆ.

ವಾರಿಜಾ ಚಪ್ಪಲಿ ಬಿಟ್ಟು ನಡುಮಧ್ಯಕ್ಕೆ ಬಂದಳು. ಕೂದಲು ನರೆತಿದೆ ಈಗ. ಒಮ್ಮೆ ಹಿಮ್ಮಡಿ ಬಡಿದಳು, ಅಂಗಾಲಿಗೆ ಬಂದ ಉತ್ತರವನ್ನು ಕಣ್ಣು ಮುಚ್ಚಿ ಕೇಳಿದಳು.

"ಉಜ್ಜೂದು ಬ್ಯಾಡ, ಕೀಳೂದೂ ಬ್ಯಾಡ" ಎಂದಳು. "ಇದಿನ್ನೂ ಮಾತಾಡ್ತದ."